ಯುಸಿಎಲ್‌ಎ ತಂಡದ ಅತಿ ಶ್ರೇಷ್ಠ ಆಟಗಾರ ಯಾರು?

ಓದುಗರ ಪ್ರಶ್ನೆ – ನಮ್ಮ ಉತ್ತರ

ಕಳೆದ ತಿಂಗಳು ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್ ಕುರಿತು ಬರೆದ ಪುಟ್ಟ ಟಿಪ್ಪಣಿಗೆ ನಿರೀಕ್ಷೆಗೆ ಮೀರಿದ ಪತ್ರಗಳು ಬಂದಿವೆ. ಬಹುಪಾಲು ಪತ್ರಗಳು ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ, ಅಂದರೆ ಯುಸಿಎಲ್‌ಎ ತಂಡವನ್ನೇ ಕುರಿತಾಗಿರುವುದರಿಂದ ಈ ಬಾರಿಯ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ನನ್ನ ಮಗ ಯುಸಿಎಲ್‌ಎಯಲ್ಲಿ ಓದುತ್ತಿದ್ದಾನೆ. ಆ ಕಾಲೇಜು ಕಂಡ ಅತಿ ಶ್ರೇಷ್ಠ ಆಟಗಾರ ಕರೀಮ್ ಅಬ್ದುಲ್ ಜಬ್ಬಾರ್ ಎಂದು ನಾನು, ಬಿಲ್ ವಾಲ್ಟನ್ ಎಂದು ಅವನು ಫೋನಿನಲ್ಲಿ ವಾದಿಸುತ್ತಲೇ ಇದ್ದೇವೆ. ತಮ್ಮ ತೀರ್ಪೇನು? – ಮೈಸೂರಿನ ಓದುಗರು

ಉತ್ತರ: ಮಾನ್ಯರೇ, ತೀರ್ಪು ತಮ್ಮ ಕಡೆಗೇ ಇದೆ. ಆದರೆ ತಮ್ಮ ಮಗನ ವಾದ ತಾವು ಎಣಿಸಿರುವುದಕ್ಕಿಂತ ಬಲವಾದದ್ದು. ಆದ್ದರಿಂದ ಕಾರಣಗಳನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕಾಗಿದೆ.

ಮೊದಲು ಅಳತೆಗೋಲನ್ನು ಒಪ್ಪಿಕೊಳ್ಳೋಣ. ಒಂದು ಕಾಲೇಜಿನ ಶ್ರೇಷ್ಠ ಆಟಗಾರನೆಂದರೆ ಆ ಕಾಲೇಜಿನ ಅಂಗಿ ತೊಟ್ಟಿದ್ದ ವರ್ಷಗಳಲ್ಲಿ ಶ್ರೇಷ್ಠನಾಗಿದ್ದವನು. ಜಬ್ಬಾರ್ ಮುಂದೆ ವೃತ್ತಿಪರ ಲೀಗ್‌ನಲ್ಲಿ 38,387 ಅಂಕ ಗಳಿಸಿದ್ದಾಗಲಿ, ಆರು ಬಾರಿ ಪ್ರಶಸ್ತಿ ಗೆದ್ದದ್ದಾಗಲಿ ನಮ್ಮ ಲೆಕ್ಕಕ್ಕೆ ಬರುವುದಿಲ್ಲ. ಹಾಗೆಯೇ ವಾಲ್ಟನ್ ಅವರ ವೃತ್ತಿಜೀವನವನ್ನು ಪಾದದ ನೋವು ನುಂಗಿಹಾಕಿತೆಂಬ ಮರುಕವೂ ಇಲ್ಲಿ ಸಲ್ಲದು. ಇಬ್ಬರಿಗೂ ಕಾಲೇಜಿನ ಮುಖ್ಯ ತಂಡದಲ್ಲಿ ಸಿಕ್ಕಿದ್ದು ಮೂರೇ ವರ್ಷ. ಮೊದಲ ವರ್ಷದ ವಿದ್ಯಾರ್ಥಿಗಳು ಮುಖ್ಯ ತಂಡಕ್ಕೆ ಆಡಕೂಡದೆಂಬ ನಿಯಮ 1972ರವರೆಗೂ ಜಾರಿಯಲ್ಲಿತ್ತು. ಯುಸಿಎಲ್‌ಎ ಪುರುಷರ ತಂಡದ ಪರವಾಗಿ ಅತಿ ಹೆಚ್ಚು ಅಂಕ ಗಳಿಸಿದವರು 1988ರಿಂದ 1992ರವರೆಗೆ ಆಡಿದ ಡಾನ್ ಮೆಕ್ಲೀನ್. ಅವರ ಗಳಿಕೆ 2,608. ಜಬ್ಬಾರ್ ಅವರದು 2,325. ಆದರೆ ಮೆಕ್ಲೀನ್ ಆಡಿದ್ದು ನಾಲ್ಕು ವರ್ಷ ಎಂಬುದನ್ನು ನೆನಪಿಟ್ಟರೆ ಈ ಅಂತರಕ್ಕೆ ಹೆಚ್ಚಿನ ಅರ್ಥ ಉಳಿಯುವುದಿಲ್ಲ.

ಜಬ್ಬಾರ್ ಆಗ ಲ್ಯೂ ಆಲ್ಸಿಂಡರ್ ಎಂಬ ಹೆಸರಿನಲ್ಲಿದ್ದರು. 1968ರಲ್ಲಿ ಇಸ್ಲಾಂ ಸ್ವೀಕರಿಸಿದ ಅವರು ಈಗಿನ ಹೆಸರನ್ನು ಸಾರ್ವಜನಿಕವಾಗಿ ಬಳಸತೊಡಗಿದ್ದು 1971ರಲ್ಲಿ. ನ್ಯೂಯಾರ್ಕಿನಿಂದ ಬಂದ ಈ ಏಳಡಿಗೂ ಮಿಕ್ಕ ಎತ್ತರದ ಹುಡುಗ ಏನೆಂಬುದು 1965ರ ನವೆಂಬರ್‌ನಲ್ಲಿ, ಪಾಲಿ ಪೆವಿಲಿಯನ್ ಒಳಾಂಗಣದ ಆರಂಭದ ದಿನವೇ ಎಲ್ಲರಿಗೂ ತಿಳಿಯಿತು. ಹಿಂದಿನ ಎರಡೂ ವರ್ಷ ರಾಷ್ಟ್ರೀಯ ಚಾಂಪಿಯನ್ ಆಗಿದ್ದ ಮುಖ್ಯ ತಂಡದೆದುರು ಮೊದಲ ವರ್ಷದ ಹುಡುಗರು ಪ್ರದರ್ಶನ ಪಂದ್ಯ ಆಡಿದರು. ಹುಡುಗರೇ 75–60ರಿಂದ ಗೆದ್ದರು. ಆಲ್ಸಿಂಡರ್ 31 ಅಂಕ ಹಾಗೂ 21 ರಿಬೌಂಡ್ (ಗುರಿ ತಪ್ಪಿ ಮರಳಿದ ಚೆಂಡನ್ನು ವಶಪಡಿಸಿಕೊಳ್ಳುವುದು) ಪಡೆದರು. ದೇಶದಲ್ಲೇ ಮೊದಲ ಸ್ಥಾನದ ತಂಡವೆನಿಸಿಕೊಂಡಿದ್ದ ಯುಸಿಎಲ್‌ಎ, ತನ್ನದೇ ಕ್ಯಾಂಪಸ್ಸಿನಲ್ಲಿ ಎರಡನೆಯ ಸ್ಥಾನಕ್ಕಿಳಿಯಿತೆಂದು ಜನ ಮಾತನಾಡಿಕೊಂಡರು. ಮರುವರ್ಷ ಡಿಸೆಂಬರ್‌ನಲ್ಲಿ ಮುಖ್ಯ ತಂಡದ ಪರ ಆಡಿದ ಮೊದಲ ಪಂದ್ಯದಲ್ಲೇ, ಅದೇ ಊರಿನ ಎದುರಾಳಿ ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಮೇಲೆ ಅವರು 56 ಅಂಕ ಗಳಿಸಿದರು. ಆ ಋತು ಮುಗಿಯುವುದರೊಳಗೆ ವಾಷಿಂಗ್ಟನ್ ಸ್ಟೇಟ್ ವಿರುದ್ಧ 61 ಅಂಕ ಬಂತು. ಕಾಲೇಜಿನ ಆ ದಾಖಲೆ ಇಂದಿಗೂ ಅವರದೇ.

ಅವರನ್ನು ತಡೆಯಲು ಆಟದ ನಿಯಮವನ್ನೇ ಬದಲಿಸಿದರೆಂದು ಆ ಕಾಲದವರು ನಂಬಿದ್ದರು. ಅವರ ಮೊದಲ ಋತು ಮುಗಿದೊಡನೆ, 1967ರಲ್ಲಿ, ಕಾಲೇಜು ಆಟದಲ್ಲಿ ಡಂಕ್ ಮಾಡುವುದನ್ನು ನಿಷೇಧಿಸಲಾಯಿತು; 1976ರವರೆಗೂ ಆ ನಿಷೇಧ ತೆರವಾಗಲಿಲ್ಲ. ಚೆಂಡನ್ನು ಮೇಲಿನಿಂದ ರಿಂಗಿನೊಳಕ್ಕೆ ಬಡಿಯುವ ಹಕ್ಕು ಹೋದಾಗ ಆಲ್ಸಿಂಡರ್ ಕೈಚಾಚಿ, ಪಕ್ಕಕ್ಕೆ ವಾಲಿ, ತಲೆಯ ಮೇಲಿನಿಂದ ಕಮಾನಿನಂತೆ ಚೆಂಡನ್ನು ತೇಲಿಬಿಡುವ ಹುಕ್ ಶಾಟನ್ನು ಇನ್ನಷ್ಟು ಪಳಗಿಸಿಕೊಂಡರು. ಜಗತ್ತು ಮುಂದೆ ‘ಸ್ಕೈಹುಕ್’ ಎಂದು ಕರೆದದ್ದು ಇದನ್ನೇ. ನಿಷೇಧದ ನಂತರದ ಎರಡೂ ವರ್ಷ ತಂಡವೇ ಪ್ರಶಸ್ತಿ ಗೆದ್ದಿತೆಂದ ಮೇಲೆ ಬೇರೆ ಸಾಕ್ಷ್ಯ ಬೇಕಿಲ್ಲ.

ಅವರ ಮೂರು ವರ್ಷಗಳಲ್ಲಿ ತಂಡ 90 ಪಂದ್ಯ ಆಡಿ 88 ಗೆದ್ದಿತು. ಸೋತ ಎರಡರ ಕಥೆಯನ್ನೂ ಹೇಳಬೇಕು. 1968ರ ಜನವರಿ 20ರಂದು ಹ್ಯೂಸ್ಟನ್ನಿನ ಆಸ್ಟ್ರೋಡೋಮ್‌ನಲ್ಲಿ 52,693 ಪ್ರೇಕ್ಷಕರೆದುರು ಹ್ಯೂಸ್ಟನ್ ವಿಶ್ವವಿದ್ಯಾಲಯ 71–69ರಿಂದ ಗೆದ್ದಿತು. ಎಲ್ವಿನ್ ಹೇಯ್ಸ್ 39 ಅಂಕ ಹೊಡೆದರೆ ಆಲ್ಸಿಂಡರ್‌ಗೆ ದಕ್ಕಿದ್ದು 15. ಅದಕ್ಕೆ ಎಂಟು ದಿನ ಮುಂಚೆ ಎದುರಾಳಿಯ ಬೆರಳು ತಾಗಿ ಅವರ ಕಣ್ಣಿನ ಕಾರ್ನಿಯಾ ಗೀರಿಹೋಗಿತ್ತು. ಅದೇ ವರ್ಷ ಮಾರ್ಚ್‌ನಲ್ಲಿ, ರಾಷ್ಟ್ರೀಯ ಟೂರ್ನಿಯ ಸೆಮಿಫೈನಲ್‌ನಲ್ಲಿ ಅದೇ ಹ್ಯೂಸ್ಟನ್ ತಂಡವನ್ನು ಯುಸಿಎಲ್‌ಎ 101–69ರಿಂದ ಮಣಿಸಿತು. ಹೇಯ್ಸ್‌ಗೆ ಸಿಕ್ಕಿದ್ದು ಕೇವಲ 10 ಅಂಕ. ಎರಡನೆಯ ಸೋಲು 1969ರಲ್ಲಿ, ತವರಿನಲ್ಲೇ, 46–44ರಿಂದ. ಇಂತಿಷ್ಟು ಸೆಕೆಂಡಿನೊಳಗೆ ಚೆಂಡು ಎಸೆಯಲೇಬೇಕೆಂಬ ಗಡಿಯಾರದ ಕಟ್ಟಳೆ ಕಾಲೇಜು ಆಟದಲ್ಲಿ ಆಗಿನ್ನೂ ಇರಲಿಲ್ಲ. ಹೀಗಾಗಿ ಎದುರಾಳಿಗಳು ಚೆಂಡನ್ನು ತಮ್ಮತಮ್ಮಲ್ಲೇ ಹಾಯಿಸಿಕೊಳ್ಳುತ್ತ ಆಟವನ್ನು ಎಳೆದರು. ಎರಡೂ ಸೋಲುಗಳ ಅಂತರ ಎರಡೆರಡು ಅಂಕ ಮಾತ್ರ.

ಮೂರು ವರ್ಷ, ಮೂರು ರಾಷ್ಟ್ರೀಯ ಪ್ರಶಸ್ತಿ, ಮೂರೂ ಬಾರಿ ಅಂತಿಮ ಘಟ್ಟದ ಅತ್ಯುತ್ತಮ ಆಟಗಾರ. ಈ ಕೊನೆಯ ಗೌರವವನ್ನು ಮೂರು ಬಾರಿ ಪಡೆದ ಪುರುಷ ಆಟಗಾರ ಇನ್ನೊಬ್ಬರಿಲ್ಲ. ಕಾಲೇಜಿನಲ್ಲಿ ಆಡಿದ ಕಟ್ಟಕಡೆಯ ಪಂದ್ಯದಲ್ಲಿ, ಅಂದರೆ 1969ರ ಫೈನಲ್‌ನಲ್ಲಿ, ಪರ್ಡ್ಯೂ ವಿರುದ್ಧ ಅವರು 37 ಅಂಕ, 20 ರಿಬೌಂಡ್ ಪಡೆದು ಅಂಕಣದಿಂದ ಹೊರನಡೆದರು.

ಇನ್ನು ತಮ್ಮ ಮಗನ ಪಕ್ಷ. ವಾಲ್ಟನ್ ಆಡಿದ ಮೂರು ವರ್ಷಗಳಲ್ಲೂ, 1972ರಿಂದ 1974ರವರೆಗೆ, ದೇಶದ ಅತ್ಯುತ್ತಮ ಕಾಲೇಜು ಆಟಗಾರನೆಂಬ ನೈಸ್ಮಿತ್ ಪ್ರಶಸ್ತಿ ಅವರಿಗೇ ಸಂದಿತು. ಅವರ ಮೊದಲೆರಡು ಋತುಗಳಲ್ಲಿ ತಂಡ ಸೋಲೆಂಬುದನ್ನೇ ಕಾಣದೆ ಎರಡೂ ಬಾರಿ 30ಕ್ಕೆ 30 ಪಂದ್ಯ ಗೆದ್ದಿತು. ರಿಬೌಂಡ್‌ನಲ್ಲಿ ಕಾಲೇಜಿನ ದಾಖಲೆ ಇರುವುದು ಅವರ ಹೆಸರಿನಲ್ಲಿ: 1,370. ಎರಡನೆಯವರು ಆಲ್ಸಿಂಡರ್, 1,367. ಮೂರು ವರ್ಷಗಳ ಅಷ್ಟೂ ಜಿಗಿತ, ತಳ್ಳಾಟಗಳ ಕೊನೆಗೆ ಇಬ್ಬರ ನಡುವೆ ಉಳಿದದ್ದು ಮೂರೇ ರಿಬೌಂಡ್ ಎಂಬುದನ್ನು ಓದಿದಾಗಲೆಲ್ಲ ನನಗೆ ಸೋಜಿಗವಾಗುತ್ತದೆ.

ಒಂದೇ ಒಂದು ಪಂದ್ಯವನ್ನು ಆರಿಸಿ ತೀರ್ಪು ಕೊಡಿ ಎಂದರೆ ನಾನೂ ವಾಲ್ಟನ್ ಪರವೇ ನಿಲ್ಲುತ್ತೇನೆ. 1973ರ ಫೈನಲ್, ಸೇಂಟ್ ಲೂಯಿಸ್ ನಗರ, ಎದುರಾಳಿ ಮೆಂಫಿಸ್ ಸ್ಟೇಟ್. ಮಧ್ಯಂತರದ ಹೊತ್ತಿಗೆ 39–39 ಸಮ. ವಾಲ್ಟನ್ ಬುಟ್ಟಿಯ ಬಳಿ ಎದುರಾಳಿಯ ಬೆನ್ನ ಹಿಂದಿನಿಂದ ಜಾರಿ ಹೊರಬರುತ್ತಾರೆ. ಗಾರ್ಡ್ ಗ್ರೆಗ್ ಲೀ ರಿಂಗಿನ ಪಕ್ಕಕ್ಕೆ ಚೆಂಡನ್ನು ಎತ್ತರಿಸಿ ಎಸೆಯುತ್ತಾರೆ. ಗಾಳಿಯಲ್ಲೇ ಅದನ್ನು ಹಿಡಿದ ವಾಲ್ಟನ್ ನೆಲ ಮುಟ್ಟುವ ಮೊದಲೇ ಬುಟ್ಟಿಗೆ ಹಾಕುತ್ತಾರೆ. ಡಂಕ್ ನಿಷಿದ್ಧವಾದ್ದರಿಂದ ಬಡಿಯುವಂತಿಲ್ಲ. ತುಂಬಿದ ಕೊಡವನ್ನು ನೆಲಕ್ಕಿಳಿಸುವಷ್ಟು ಮೆತ್ತಗೆ ಬೆರಳ ತುದಿಯಿಂದಲೇ ಚೆಂಡನ್ನು ಬಿಡಬೇಕು. ಇದು ಮತ್ತೆ ಮತ್ತೆ ನಡೆಯಿತು. ಗುರಿಯಿಟ್ಟದ್ದು 22 ಬಾರಿ, ಒಳಗೆ ಬಿದ್ದದ್ದು 21 ಬಾರಿ, ಒಟ್ಟು 44 ಅಂಕ. ಕೊನೆಯ ನಿಮಿಷಗಳಲ್ಲಿ ಕಾಲು ಉಳುಕಿ ಕುಂಟುತ್ತ ಹೊರಟ ವಾಲ್ಟನ್‌ಗೆ ಹೆಗಲು ಕೊಟ್ಟು ನಡೆಸಿದವರು ಎದುರಾಳಿ ತಂಡದ ತಾರೆ ಲ್ಯಾರಿ ಫಿಂಚ್. ಯುಸಿಎಲ್‌ಎ 87–66ರಿಂದ ಗೆದ್ದಿತು. ಕಾಲೇಜು ದಿನಗಳಲ್ಲಿ ಸಿಮೆಂಟಿನ ಅಂಕಣದಲ್ಲಿ, ಬುಟ್ಟಿಯ ಬಳಿ ಆಡುವ ಸೆಂಟರ್ ಸ್ಥಾನದಲ್ಲಿ ಆಡಿದವನು ನಾನು. ಯಾರೂ ಅಡ್ಡವಿಲ್ಲದೆ ಬುಟ್ಟಿಯ ಕೆಳಗೇ ನಿಂತು ಅಭ್ಯಾಸ ಮಾಡುವಾಗಲೂ 22ರಲ್ಲಿ 21 ಹಾಕುವುದು ಎಷ್ಟು ಕಷ್ಟವೆಂಬುದು ನನ್ನ ಕೈಗಳಿಗೆ ಗೊತ್ತು.

ಹಾಗಿದ್ದರೂ ನಾನು ಆಲ್ಸಿಂಡರ್ ಹೆಸರನ್ನೇ ಮೊದಲು ಬರೆಯುವುದಕ್ಕೆ ಕಾರಣ 1974. ಆ ವರ್ಷ ಜನವರಿಯಲ್ಲಿ ನಾಟರ್‌ಡೇಮ್ ವಿರುದ್ಧ, ಮೂರೂವರೆ ನಿಮಿಷವೂ ಉಳಿದಿಲ್ಲದಾಗ 11 ಅಂಕ ಮುಂದಿದ್ದ ತಂಡ 71–70ರಿಂದ ಸೋತು, 88 ಪಂದ್ಯಗಳ ಸತತ ಗೆಲುವಿನ ಸರಪಳಿ ಕಡಿದುಬಿತ್ತು. ಮಾರ್ಚ್‌ನಲ್ಲಿ ಸೆಮಿಫೈನಲ್‌ನ ಎರಡನೆಯ ಹೆಚ್ಚುವರಿ ಅವಧಿಯಲ್ಲಿ ಏಳು ಅಂಕ ಮುಂದಿದ್ದೂ ನಾರ್ತ್ ಕೆರೊಲಿನಾ ಸ್ಟೇಟ್ ಎದುರು 80–77ರಿಂದ ಮಣಿಯಿತು. ವಾಲ್ಟನ್ ಅವರ ಬೆನ್ನಿಗೆ ಆ ಋತುವಿನಲ್ಲಿ ಪೆಟ್ಟಾಗಿತ್ತು ನಿಜ. ಆದರೆ ಆಲ್ಸಿಂಡರ್ ಮೂರು ಸಲ ಮುಟ್ಟಿದ ಶಿಖರವನ್ನು ವಾಲ್ಟನ್ ಎರಡು ಸಲ ಮುಟ್ಟಿದರು ಎಂಬುದನ್ನು ಪೆಟ್ಟಿನ ನೆಪದಲ್ಲಿ ಅಳಿಸಲಾಗದು. 2024ರ ಮೇ ತಿಂಗಳಲ್ಲಿ ವಾಲ್ಟನ್ ತೀರಿಕೊಂಡರು. ತಮ್ಮ ಮಗನಿಗೆ ಅವರ ಮೇಲಿರುವ ಅಭಿಮಾನ ನನಗೂ ಇದೆಯೆಂದು ತಿಳಿಸಿ.

ಪ್ರಶ್ನೆ: ಇದೆಲ್ಲ ಆಟಗಾರರ ಹಿರಿಮೆಯೋ, ತರಬೇತುದಾರ ಜಾನ್ ವುಡನ್ ಅವರ ಹಿರಿಮೆಯೋ? ಆ ತಂಡದಲ್ಲಿ ಯಾರು ಆಡಿದರೂ ಗೆಲ್ಲುತ್ತಿದ್ದರಲ್ಲವೇ? – ಶಿವಮೊಗ್ಗದ ದೈಹಿಕ ಶಿಕ್ಷಣ ಶಿಕ್ಷಕರು

ಉತ್ತರ: ವುಡನ್ 1948ರಲ್ಲಿ ಯುಸಿಎಲ್‌ಎಗೆ ಬಂದರು, ಮೊದಲ ರಾಷ್ಟ್ರೀಯ ಪ್ರಶಸ್ತಿ ಗೆದ್ದದ್ದು 1964ರಲ್ಲಿ. ನಡುವಿನ ಹದಿನೈದು ಋತುಗಳಲ್ಲಿಯೂ ತರಬೇತುದಾರ ಅವರೇ ಆಗಿದ್ದರು, ಶಿಸ್ತೂ ಅದೇ ಆಗಿತ್ತು. ಹಾಗಾಗಿ ಯಾರು ಆಡಿದರೂ ಗೆಲ್ಲುತ್ತಿದ್ದರು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. 1975ರಲ್ಲಿ ನಿವೃತ್ತರಾಗುವ ವೇಳೆಗೆ ಹನ್ನೆರಡು ವರ್ಷಗಳಲ್ಲಿ ಹತ್ತು ಪ್ರಶಸ್ತಿ, ಅದರಲ್ಲೂ 1967ರಿಂದ 1973ರವರೆಗೆ ಸತತ ಏಳು ಬಂದವೆಂದರೆ, ಒಳ್ಳೆಯ ಗುರುವಿಗೆ ಒಳ್ಳೆಯ ಶಿಷ್ಯರು ಸಿಕ್ಕ ಕಾಲ ಅದು ಎನ್ನಬೇಕು.

ತಾವೂ ಮಕ್ಕಳಿಗೆ ಆಟ ಕಲಿಸುವವರಾದ್ದರಿಂದ ಒಂದು ಸಂಗತಿ ಹೇಳುತ್ತೇನೆ. ಪ್ರತಿ ವರ್ಷ ಅಭ್ಯಾಸದ ಮೊದಲ ದಿನ ವುಡನ್ ಆಟಗಾರರನ್ನು ಕೂರಿಸಿ ಕಾಲುಚೀಲ ಹಾಕಿಕೊಳ್ಳುವುದನ್ನು ಕಲಿಸುತ್ತಿದ್ದರು. ಬೆರಳ ತುದಿಯಲ್ಲಿ, ಹಿಮ್ಮಡಿಯಲ್ಲಿ ಒಂದು ಸುಕ್ಕೂ ಉಳಿಯದಂತೆ ಎಳೆದು, ಕೈಯಿಂದ ಸವರಿ ನೋಡಿ, ಆಮೇಲೆ ಶೂಗಳ ಲೇಸನ್ನು ಒಂದೊಂದೇ ತೂತಿನಿಂದ ಬಿಗಿ ಮಾಡಿಸುತ್ತಿದ್ದರು. ಸುಕ್ಕಿದ್ದರೆ ಬೊಬ್ಬೆ ಏಳುತ್ತದೆ. ಬೊಬ್ಬೆ ಎದ್ದರೆ ಅಭ್ಯಾಸ ತಪ್ಪುತ್ತದೆ. ದೇಶವೇ ಹೊಗಳುತ್ತಿದ್ದ ಆಲ್ಸಿಂಡರ್, ವಾಲ್ಟನ್ ಕೂಡ ಹೀಗೆಯೇ ಕುಳಿತು ಕಲಿತವರು. ಉದ್ದ ಕೂದಲು, ಗಡ್ಡ ಬಿಡುವುದು ತನ್ನ ಹಕ್ಕೆಂದು ವಾಲ್ಟನ್ ವಾದಿಸಿದಾಗ, ‘ನಿನ್ನ ನಂಬಿಕೆಯನ್ನು ಮೆಚ್ಚುತ್ತೇನೆ, ಆದರೆ ನೀನಿಲ್ಲದ್ದು ನಮಗೆ ಕೊರತೆಯಾಗುತ್ತದೆ’ ಎಂಬರ್ಥದ ಮಾತನ್ನು ವುಡನ್ ಹೇಳಿದರಂತೆ. ವಾಲ್ಟನ್ ಸೈಕಲ್ ಹತ್ತಿ ಕ್ಷೌರದಂಗಡಿಗೆ ಓಡಿದರು. ಈ ಪ್ರಸಂಗವನ್ನು ವಾಲ್ಟನ್ ತಾವೇ ಬದುಕಿನುದ್ದಕ್ಕೂ ಸಂತೋಷದಿಂದ ಹೇಳುತ್ತಿದ್ದರು.

ಎತ್ತರದ ಸೆಂಟರ್ ಇಲ್ಲದೆಯೂ ವುಡನ್ ಗೆದ್ದಿದ್ದರು ಎಂಬುದು ತಮ್ಮ ಪ್ರಶ್ನೆಗೆ ಮುಖ್ಯ. 1964ರ ತಂಡದ ಮೊದಲ ಐವರಲ್ಲಿ 6 ಅಡಿ 5 ಇಂಚು ಮೀರಿದವರೇ ಇರಲಿಲ್ಲ. ಎದುರಾಳಿ ಚೆಂಡನ್ನು ಒಳಗೆ ತರುವ ಕ್ಷಣದಿಂದಲೇ ಅಂಕಣದುದ್ದಕ್ಕೂ ಬೆನ್ನಟ್ಟುವ ‘ಜೋನ್ ಪ್ರೆಸ್’ ಅವರ ಆಯುಧ. ಡ್ಯೂಕ್ ವಿರುದ್ಧದ ಫೈನಲ್‌ನಲ್ಲಿ ಎರಡೂವರೆ ನಿಮಿಷದ ಅವಧಿಯಲ್ಲಿ ಸತತ 16 ಅಂಕ ಬಂದದ್ದು ಅದರ ಫಲ. ಆ ತಂಡವನ್ನು ನಡೆಸಿದ ವಾಲ್ಟ್ ಹಜ಼ರ್ಡ್ ಅವರನ್ನೂ, ಮರುವರ್ಷದ ಫೈನಲ್‌ನಲ್ಲಿ ಮಿಷಿಗನ್ ಮೇಲೆ 42 ಅಂಕ ಗಳಿಸಿದ ಗೇಲ್ ಗುಡ್‌ರಿಚ್ ಅವರನ್ನೂ ಶ್ರೇಷ್ಠರ ಪಟ್ಟಿಯಲ್ಲಿ ಮೇಲಕ್ಕೆ ಏರಿಸಬೇಕು. ಅವರ ನಂತರ ಬಂದವರಿಗೆ ಹಾದಿ ಸಿದ್ಧವಿತ್ತು, ಅವರಿಗೆ ಇರಲಿಲ್ಲ. ಆಲ್ಸಿಂಡರ್ ಹೋದ ಮರುವರ್ಷವೇ, 1970ರ ಫೈನಲ್‌ನಲ್ಲಿ, 6 ಅಡಿ 8 ಇಂಚಿನ ಸಿಡ್ನಿ ವಿಕ್ಸ್ ತಮಗಿಂತ ಆರು ಇಂಚು ಎತ್ತರದ ಆರ್ಟಿಸ್ ಗಿಲ್‌ಮೋರ್ ಅವರ ಎಸೆತಗಳನ್ನು ಬೆನ್ನ ಹಿಂದಿನಿಂದ ಜಿಗಿದು ತಡೆದರು. ಗಿಲ್‌ಮೋರ್ 29 ಬಾರಿ ಗುರಿಯಿಟ್ಟು 9 ಬಾರಿ ಮಾತ್ರ ಯಶಸ್ವಿಯಾದರು. ವಿಕ್ಸ್ ಹೆಸರನ್ನು ಮರೆಯುವ ಪಟ್ಟಿಗಳನ್ನು ನಾನು ಗಂಭೀರವಾಗಿ ಓದುವುದಿಲ್ಲ.

ಪ್ರಶ್ನೆ: ರಸೆಲ್ ವೆಸ್ಟ್‌ಬ್ರೂಕ್, ರೆಜಿ ಮಿಲ್ಲರ್, ಕೆವಿನ್ ಲವ್ ಇವರೆಲ್ಲ ಎಲ್ಲಿ ಹೋದರು? – ಬೆಂಗಳೂರಿನ ಕಾಲೇಜು ವಿದ್ಯಾರ್ಥಿ

ಉತ್ತರ: ಈ ಮೂವರೂ ದೊಡ್ಡ ಹೆಸರು ಮಾಡಿದ್ದು ಮುಂದೆ ವೃತ್ತಿಪರ ಲೀಗ್‌ನಲ್ಲಿ. ಮೇಲೆ ಹೇಳಿದ ಅಳತೆಗೋಲೇ ಇಲ್ಲಿಯೂ ಅನ್ವಯಿಸುತ್ತದೆ. ವೆಸ್ಟ್‌ಬ್ರೂಕ್ ಅಲ್ಲಿ ಆಡಿದ್ದು ಎರಡು ವರ್ಷ, ಲವ್ ಒಂದೇ ವರ್ಷ. ಮಿಲ್ಲರ್ ನಾಲ್ಕು ವರ್ಷ ಆಡಿ 2,095 ಅಂಕ ಗಳಿಸಿದರು, ಆದರೆ ರಾಷ್ಟ್ರೀಯ ಟೂರ್ನಿಯಲ್ಲಿ ಅವರ ತಂಡ ದೂರ ಸಾಗಲಿಲ್ಲ.

ಈ ಮೂವರ ಬದಲು ಎಡ್ ಓಬ್ಯಾನನ್ ಅವರ ಹೆಸರನ್ನು ನೆನಪಿಡಿ. 1990ರಲ್ಲಿ, ಮೊದಲ ಋತು ಶುರುವಾಗುವ ಮುನ್ನವೇ, ಅವರ ಮೊಣಕಾಲಿನ ಅಸ್ಥಿರಜ್ಜು ಹರಿದುಹೋಯಿತು. ಐದು ವರ್ಷಗಳ ನಂತರ, 1995ರ ಫೈನಲ್‌ನಲ್ಲಿ ಹಿಂದಿನ ವರ್ಷದ ಚಾಂಪಿಯನ್ ಆರ್ಕನ್ಸಾ ವಿರುದ್ಧ ಅವರು 30 ಅಂಕ, 17 ರಿಬೌಂಡ್ ಪಡೆದರು. ತಂಡದ ಆಟವನ್ನು ನಡೆಸುವ ಪಾಯಿಂಟ್ ಗಾರ್ಡ್ ಟೈಯಸ್ ಎಡ್ನಿ ಮಣಿಕಟ್ಟಿನ ನೋವಿನಿಂದ ಕೆಲವೇ ನಿಮಿಷ ಆಡಿ ಹೊರಗುಳಿದಿದ್ದರು. ಅದಕ್ಕೆ ಮುನ್ನ ಮಿಸ್ಸೌರಿ ಎದುರು ಒಂದು ಅಂಕ ಹಿಂದಿದ್ದಾಗ, ಉಳಿದಿದ್ದ 4.8 ಸೆಕೆಂಡಿನಲ್ಲಿ ಅಂಕಣದ ಆ ತುದಿಯಿಂದ ಈ ತುದಿಗೆ ಓಡಿ ಚೆಂಡನ್ನು ಬುಟ್ಟಿಗೆ ಹಾಕಿ ತಂಡವನ್ನು ಉಳಿಸಿದವರು ಇದೇ ಎಡ್ನಿ.

ಇಲ್ಲಿ ಹಳೆಯ ಕಾಲದ ಅಭಿಮಾನಿಯಾದ ನಾನು ಒಪ್ಪಲೇಬೇಕಾದ ಮಾತೊಂದಿದೆ. ಆಲ್ಸಿಂಡರ್, ವಾಲ್ಟನ್ ಕಾಲದ ರಾಷ್ಟ್ರೀಯ ಟೂರ್ನಿಯಲ್ಲಿ 23ರಿಂದ 25 ತಂಡಗಳಷ್ಟೇ ಇರುತ್ತಿದ್ದವು. ಯುಸಿಎಲ್‌ಎ ನಾಲ್ಕು ಪಂದ್ಯ ಗೆದ್ದರೆ ಪ್ರಶಸ್ತಿ ಕೈಸೇರುತ್ತಿತ್ತು. 1985ರಿಂದ 64 ತಂಡಗಳಾದವು, ಗೆಲ್ಲಬೇಕಾದ ಪಂದ್ಯಗಳು ಆರಾದವು. ಓಬ್ಯಾನನ್ ಬಳಗ ಗೆದ್ದದ್ದು ಆ ಆರನ್ನೂ. ವುಡನ್ ನಂತರ ಆ ಕಾಲೇಜಿನ ಪುರುಷರ ತಂಡಕ್ಕೆ ದಕ್ಕಿದ ಏಕೈಕ ರಾಷ್ಟ್ರೀಯ ಪ್ರಶಸ್ತಿಯೂ ಅದೇ. ಮುಂದೆ 2009ರಲ್ಲಿ, ತಮ್ಮ ರೂಪವನ್ನು ವಿಡಿಯೊ ಆಟದಲ್ಲಿ ಬಳಸಿ ತಮಗೆ ಬಿಡಿಗಾಸೂ ಕೊಡಲಿಲ್ಲವೆಂದು ಕಾಲೇಜು ಕ್ರೀಡಾ ಸಂಸ್ಥೆ ಎನ್‌ಸಿಎಎ ಮೇಲೆ ಅವರು ಹೂಡಿದ ಮೊಕದ್ದಮೆ, ಆಟಗಾರರ ಹಕ್ಕುಗಳ ಇತಿಹಾಸದಲ್ಲಿ ದೊಡ್ಡ ತಿರುವಾಯಿತು.

ಪ್ರಶ್ನೆ: ತಾವು ಪುರುಷರ ಬಗ್ಗೆಯೇ ಬರೆಯುತ್ತೀರಿ. ಮಹಿಳೆಯರು ಆ ಕಾಲೇಜಿಗೆ ಆಡಲೇ ಇಲ್ಲವೇ? ನನ್ನ ಮಗಳು ಜಿಲ್ಲಾ ತಂಡದಲ್ಲಿ ಆಡುತ್ತಾಳೆ, ಅವಳೇ ಕೇಳಿಸಿದ ಪ್ರಶ್ನೆ ಇದು. – ಮಂಡ್ಯದ ತಾಯಿಯೊಬ್ಬರು

ಉತ್ತರ: ತಾಯಿ, ತಮ್ಮ ಮಗಳ ದೂರು ನ್ಯಾಯವಾದದ್ದು. ಆಲ್ಸಿಂಡರ್, ವಾಲ್ಟನ್ ನಂತರ ಮೂರನೆಯ ಹೆಸರೇ ನನ್ನ ಲೆಕ್ಕದಲ್ಲಿ ಆ್ಯನ್ ಮೈಯರ್ಸ್ ಅವರದು.

1974ರಲ್ಲಿ ಯುಸಿಎಲ್‌ಎ ಸೇರಿದ ಆ್ಯನ್, ನಾಲ್ಕು ವರ್ಷದ ಪೂರ್ಣ ಕ್ರೀಡಾ ವಿದ್ಯಾರ್ಥಿವೇತನ ಪಡೆದ ಆ ಕಾಲೇಜಿನ ಮೊದಲ ಮಹಿಳೆ. 1975ರ ಚಾಂಪಿಯನ್ ತಂಡದಲ್ಲಿದ್ದ ಡೇವ್ ಮೈಯರ್ಸ್ ಆಕೆಯ ಅಣ್ಣ. ದೇಶದ ಅತ್ಯುತ್ತಮ ಕಾಲೇಜು ಆಟಗಾರರ ಗೌರವಪಟ್ಟಿಯಾದ ಅಖಿಲ ಅಮೆರಿಕ ತಂಡಕ್ಕೆ ನಾಲ್ಕೂ ವರ್ಷ ಆಯ್ಕೆಯಾದ ಮೊದಲ ಆಟಗಾರ್ತಿ ಆಕೆಯೇ. 1978ರ ಫೆಬ್ರವರಿಯಲ್ಲಿ ಸ್ಟೀಫನ್ ಎಫ್. ಆಸ್ಟಿನ್ ತಂಡದ ವಿರುದ್ಧ ಒಂದೇ ಪಂದ್ಯದಲ್ಲಿ 20 ಅಂಕ, 14 ರಿಬೌಂಡ್ ಪಡೆದು, ಜೊತೆಗಾರ್ತಿಯರಿಗೆ ಅಂಕ ತಂದ 10 ಪಾಸ್ ಕೊಟ್ಟು, ಎದುರಾಳಿಯ ಕೈಯಿಂದ ಚೆಂಡನ್ನು 10 ಬಾರಿ ಕಸಿದುಕೊಂಡರು. ಈ ನಾಲ್ಕರಲ್ಲೂ ಎರಡಂಕಿ ಮುಟ್ಟುವುದೆಂದರೆ ಗಳಿಸುವುದು, ಕಾಯುವುದು, ಹಂಚುವುದು, ಕಸಿಯುವುದು ಎಲ್ಲವನ್ನೂ ಒಬ್ಬರೇ ಮಾಡಿದಂತೆ. ಮರುತಿಂಗಳು ಪಾಲಿ ಪೆವಿಲಿಯನ್‌ನಲ್ಲೇ ಮೇರಿಲ್ಯಾಂಡ್ ತಂಡವನ್ನು 90–74ರಿಂದ ಸೋಲಿಸಿ ಯುಸಿಎಲ್‌ಎ ಮಹಿಳೆಯರು ರಾಷ್ಟ್ರೀಯ ಪ್ರಶಸ್ತಿ ಗೆದ್ದರು. ಮಹಿಳೆಯರಿಗಾಗಿ ಎನ್‌ಸಿಎಎ ಟೂರ್ನಿ ಆರಂಭಿಸಿದ್ದು 1982ರಲ್ಲಿ. ಅಲ್ಲಿಯವರೆಗೆ ಬೇರೆಯದೇ ಸಂಸ್ಥೆ ಅವರ ಟೂರ್ನಿ ನಡೆಸುತ್ತಿತ್ತು. ಆ ಗೆಲುವು ಎನ್‌ಸಿಎಎ ದಾಖಲೆಯೊಳಗೆ ಸೇರದೆ ಹೋದದ್ದಕ್ಕೆ ಆಡಿದವರು ಹೊಣೆಯಲ್ಲ. 1979ರಲ್ಲಿ ಪುರುಷರ ವೃತ್ತಿಪರ ತಂಡ ಇಂಡಿಯಾನಾ ಪೇಸರ್ಸ್ ಆ್ಯನ್ ಅವರೊಡನೆ ಒಪ್ಪಂದ ಮಾಡಿಕೊಂಡಿತ್ತು, ಅಂತಿಮ ತಂಡದಲ್ಲಿ ಸ್ಥಾನ ಸಿಗಲಿಲ್ಲವಷ್ಟೇ.

ಮಗಳಿಗೆ ಇನ್ನೊಂದು ಹೆಸರನ್ನೂ ಹೇಳಿ: ಡೆನಿಸ್ ಕರಿ. 1978ರ ಆ ತಂಡದಲ್ಲಿ ಮೊದಲ ವರ್ಷದ ಹುಡುಗಿಯಾಗಿದ್ದ ಡೆನಿಸ್ 1981ರಲ್ಲಿ ಕಾಲೇಜು ಬಿಡುವಾಗ 3,198 ಅಂಕ ಗಳಿಸಿದ್ದರು. ಆಲ್ಸಿಂಡರ್ ಅವರದೂ ಅಲ್ಲ, ಮೆಕ್ಲೀನ್ ಅವರದೂ ಅಲ್ಲ. ಯುಸಿಎಲ್‌ಎ ಚರಿತ್ರೆಯಲ್ಲಿ ಅವರಿಬ್ಬರನ್ನೂ ಮೀರಿಸಿದ ಗಳಿಕೆ ಅದು. 1990ರ ಫೆಬ್ರವರಿಯಲ್ಲಿ ಆ ಕಾಲೇಜು ಮೊದಲ ಬಾರಿಗೆ ಅಂಗಿಸಂಖ್ಯೆಗಳನ್ನು ಗೌರವದಿಂದ ನಿವೃತ್ತಿಗೊಳಿಸಿದಾಗ ಆರಿಸಿದ್ದು ನಾಲ್ವರನ್ನು: ಆಲ್ಸಿಂಡರ್ ಅವರ 33, ವಾಲ್ಟನ್ ಅವರ 32, ಆ್ಯನ್ ಅವರ 15, ಡೆನಿಸ್ ಅವರ 12. ಇಬ್ಬರು ಗಂಡಸರು, ಇಬ್ಬರು ಹೆಂಗಸರು.

ಪ್ರಶ್ನೆ: ಬರುವ ಬೇಸಿಗೆಯಲ್ಲಿ ಮೊಮ್ಮಗುವನ್ನು ನೋಡಲು ಲಾಸ್ ಏಂಜಲೀಸ್‌ಗೆ ಹೋಗುತ್ತಿದ್ದೇವೆ. ಪಾಲಿ ಪೆವಿಲಿಯನ್‌ನಲ್ಲಿ ನೋಡಬೇಕಾದದ್ದು ಏನಿದೆ? – ಧಾರವಾಡದ ನಿವೃತ್ತ ಪ್ರಾಧ್ಯಾಪಕರು

ಉತ್ತರ: ಬೇಸಿಗೆಯಲ್ಲಿ ಪಂದ್ಯ ಸಿಗದು, ಆಟದ ಋತು ಇರುವುದು ನವೆಂಬರ್‌ನಿಂದ ಏಪ್ರಿಲ್ ಆರಂಭದವರೆಗೆ. ಆದರೂ ಹೊರಗೆ ನಿಂತಿರುವ ವುಡನ್ ಅವರ ಕಂಚಿನ ಪ್ರತಿಮೆಯನ್ನು ನೋಡಬಹುದು. ಒಳಗೆ ಹೋಗುವ ಅವಕಾಶ ಸಿಕ್ಕರೆ ಮೊದಲು ತಲೆಯೆತ್ತಿ ಬ್ಯಾನರುಗಳನ್ನು ನೋಡಿ. ಆಮೇಲೆ ತಂಡ ಕೂರುವ ಬೆಂಚಿನ ಹಿಂದೆ, ಎರಡನೆಯ ಸಾಲಿನ ಮೊದಲ ಆಸನವನ್ನು ಹುಡುಕಿ. ನಿವೃತ್ತರಾದ ಮೇಲೆ ಮೂವತ್ತಕ್ಕೂ ಹೆಚ್ಚು ವರ್ಷ ವುಡನ್ ಪಂದ್ಯ ನೋಡಲು ಕೂರುತ್ತಿದ್ದ ಜಾಗ ಅದು. 2010ರಲ್ಲಿ, ನೂರು ತುಂಬಲು ನಾಲ್ಕು ತಿಂಗಳಿರುವಾಗ ಅವರು ತೀರಿಕೊಂಡ ಬಳಿಕ ಆ ಆಸನವನ್ನು ಯಾರಿಗೂ ಮಾರುವುದಿಲ್ಲ. ಅಂಕಣದ ಮರದ ನೆಲದ ಮೇಲೆ ಬರೆದಿರುವ ಹೆಸರನ್ನೂ ಗಮನಿಸಿ. 2003ರಲ್ಲಿ ಅಂಕಣಕ್ಕೆ ಅವರ ಹೆಸರಿಡಲು ಕಾಲೇಜು ನಿರ್ಧರಿಸಿದಾಗ, 1985ರಲ್ಲಿ ಅಗಲಿದ್ದ ಪತ್ನಿಯ ಹೆಸರು ತಮ್ಮ ಹೆಸರಿಗಿಂತ ಮುಂದೆ ಇರಬೇಕೆಂದು ವುಡನ್ ಕೇಳಿಕೊಂಡರು. ಹಾಗಾಗಿ ಅಲ್ಲಿರುವುದು ‘ನೆಲ್ ಮತ್ತು ಜಾನ್ ವುಡನ್ ಅಂಕಣ’ ಎಂದು.